ಹಿಂದಕ್ಕೆ ನಡೆಸುವವಳು

ಪೀಳಮೇಡು
ಕೊಯಮತ್ತೂರು
17-6-1986

ಪ್ರೀತಿಯ ಸಾಮಿ,

ನೀನು ಹಾಸ್ಟೆಲ್ ಖಾಲಿ ಮಾಡಿ ಹೋದಮೇಲೆ ಬೆಂಚಿನಲ್ಲಿ ನನ್ನ ಪಕ್ಕಕ್ಕೆ ಹೊಸಬಳೊಬ್ಬಳು ಬಂದು ಕೂತಿದ್ದಾಳೆ. ದಿನವೆಲ್ಲ ಬಾಯಿ ತೆರೆಯುವುದಿಲ್ಲ, ತೆರೆದರೆ ಆಕಳಿಸುವುದಕ್ಕೆ. ನಿನ್ನ ಜಗಳವಿಲ್ಲದೆ ಕೆಮಿಸ್ಟ್ರಿ ಕ್ಲಾಸು ಸಪ್ಪೆ ಹೊಡೆಯುತ್ತಿದೆ. ಅಜ್ಜಿಗೆ ಹೇಗಿದೆ? ಬಲಗೈ ಸ್ವಲ್ಪವಾದರೂ ಆಡಿಸುತ್ತಾರಾ?

ಈಗ ವಿಷಯಕ್ಕೆ ಬರುತ್ತೇನೆ. ಹಡಗಿನಲ್ಲಿ ಕೆಲಸ ಮಾಡುವ ನಮ್ಮ ವ್ಯಾಸರಾಯ ಮಾವ ರಜಕ್ಕೆ ಬಂದಾಗ ದೊಡ್ಡಪ್ಪನ ಮಗ ಚಂದ್ರಣ್ಣನಿಗೆ ಒಂದು ಡಬ್ಬಿ ತಂದುಕೊಟ್ಟರು. ಒಳಗೆ ದಪ್ಪ ಇಂಗ್ಲಿಷ್ ಪುಸ್ತಕ, ಒಂದು ಹಿಡಿ ದಾಳ. ಪಗಡೆಯ ದಾಳ ಅಂದುಕೊಳ್ಳಬೇಡ, ಒಂದಕ್ಕೆ ಇಪ್ಪತ್ತು ಮುಖ ಕಣೇ! ಹಲಗೆಯಿಲ್ಲ, ಕಾಯಿಯಿಲ್ಲ. ಮೇಜಿನ ಸುತ್ತ ಕೂತು ಕಥೆ ಹೇಳುವುದೇ ಆಟ. ಒಬ್ಬೊಬ್ಬರೂ ಒಂದೊಂದು ಪಾತ್ರ. ಆ ಲೋಕವನ್ನೆಲ್ಲ, ಗುಡ್ಡ, ಗುಹೆ, ರಾಕ್ಷಸರ ಸಮೇತ, ಒಬ್ಬರು ನಡೆಸಬೇಕು. ಅದು ನಾನು! "ಎದುರಿಗೆ ಗುಹೆ ಇದೆ, ಏನು ಮಾಡ್ತೀರಿ?" ಅಂತ ನಾನು ಕೇಳುತ್ತೇನೆ. ಅವರು ಹೇಳಿದ್ದು ನಡೆಯಿತೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಹಜಾರದಲ್ಲಿ ಆಟ. ಚಂದ್ರಣ್ಣ, ಅವನ ಕ್ಲಾಸಿನ ಪಲ್ಲಡಂ ನಟರಾಜನ್, ಇನ್ನಿಬ್ಬರು. ಕಮಲಾಕ್ಷಮ್ಮಜ್ಜಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾವಲು.

ನೀನೂ ಆಡಬೇಕು. ಅಂಚೆಯಲ್ಲಿ! ನಿನ್ನ ಪಾತ್ರ ಏನು ಮಾಡಬೇಕು ಅಂತ ಬರೆದು ಕಳಿಸು, ನಿನ್ನ ಪರವಾಗಿ ದಾಳ ನಾನು ಎಸೆಯುತ್ತೇನೆ. ಚಂದ್ರಣ್ಣ ಒಪ್ಪಿದ್ದಾನೆ, ಆದರೆ ಕರಾರು ಹಾಕಿದ್ದಾನೆ. ಅಂಚೆಯವರಿಗೆ ಒಂದೇ ಪಾತ್ರ, ಒಂದೇ ಪ್ರಾಣ. ಸತ್ತರೆ ಮುಗಿಯಿತು. ಹೊಸ ಪಾತ್ರ ಬೇಕಾದರೆ ಮೇಜಿನ ಮುಂದೆ ಬಂದು ಕೂರಬೇಕು.

ಪುಸ್ತಕದಲ್ಲಿ ನಾಲ್ಕು ಥರದವರಿದ್ದಾರೆ: ಯೋಧ, ಮಂತ್ರವಾದಿ, ಕಳ್ಳ, ವೈದ್ಯ. ನೀನು ಎಲ್ಲರನ್ನೂ ನೋಡಿಕೊಳ್ಳುವವಳು, ಅದಕ್ಕೇ ನಾನೇ ವೈದ್ಯೆ ಅಂತ ಬರೆದು ಚೀಟಿ ತಯಾರು ಮಾಡಿದ್ದೇನೆ. ಹೆಸರು ಜೀವನಲತಾ. ಹೇಗಿದೆ?

ನಿನ್ನ,
ಪದ್ಮಾಕ್ಷಿ


ವೆಳ್ಳಕೋಯಿಲ್
24-6-1986

ಪದ್ಮಾ,

ನಿನ್ನ ಕಾಗದವನ್ನು ಅಪ್ಪ ಒಡೆದರು, ನೆಟ್ಟಗೆ ಹಿಡಿದು ನೋಡಿದರು, ತಲೆಕೆಳಗು ಮಾಡಿ ನೋಡಿದರು, ನನ್ನ ಕೈಗೆ ಕೊಟ್ಟರು. ನಮ್ಮ ಮನೆಯಲ್ಲಿ ಆಡುವುದು ಕನ್ನಡ, ಓದುವುದು ತಮಿಳು. ಕಾಲೇಜಿನ ಊಟದ ಹೊತ್ತಿನಲ್ಲಿ ನೀನು ಕಲಿಸಿದ ಕನ್ನಡ ಅಕ್ಷರ ಇಲ್ಲಿ ನನಗೊಬ್ಬಳಿಗೇ ಗೊತ್ತು. "ಓದು ಅಮ್ಮಣಿ, ಏನ್ ಬರ್ದವ್ಳೆ ಕೇಳಾನ" ಅಂದರು. ಅಜ್ಜಿ ವಿಚಾರ ಮಾತ್ರ ಓದಿ ಮಡಿಸಿಟ್ಟೆ.

ನನಗೆ ವೈದ್ಯೆ ಬೇಡ. ಬೆಳಿಗ್ಗೆ ಎದ್ದರೆ ಅಜ್ಜಿಗೆ ಹಲ್ಲುಜ್ಜಿಸು, ಮಗ್ಗುಲು ತಿರುಗಿಸು, ಕಷಾಯ ಕುಡಿಸು. ಭಾನುವಾರ ಮಧ್ಯಾಹ್ನ ಆಟದಲ್ಲೂ ಗಾಯ ಒರೆಸಬೇಕಾ? ನಟರಾಜನ್ ಗಾಯ ನಟರಾಜನ್ನೇ ಒರೆಸಿಕೊಳ್ಳಲಿ. ಜೀವನಲತಾ ಅಂತೆ! ಸೀರೆ ಅಂಗಡಿ ಬೋರ್ಡಿನ ಹಾಗಿದೆ.

ಮಂತ್ರವಾದಿಯೂ ಬೇಡ. ಮಾವ ಇಂಥದ್ದೊಂದು ಆಟ ತರುತ್ತಾರೆ ಅಂತ ಹೋದ ವರ್ಷವೇ ನಿಮ್ಮಣ್ಣ ಕೊಚ್ಚಿಕೊಳ್ಳುವಾಗ ನಾನೂ ಅಲ್ಲೇ ಇದ್ದೆ. ಒಂದು ಸಲ ಹೇಳಿದರೆ ಮಂತ್ರ ಮರೆತೇ ಹೋಗುತ್ತಂತೆ. ಯಾವ ಊರಿನ ನ್ಯಾಯ? ಕೈಕಾಲು ಗಟ್ಟಿಯಿದ್ದಾಗ ನಮ್ಮಜ್ಜಿ ಒಂದೇ ಸಂಜೆ ಮೂವರಿಗೆ ಚೇಳಿನ ಮಂತ್ರ ಹಾಕಿದ್ದಾರೆ. ಮರೆತರಾ?

ನನಗೆ ಏನು ಬೇಕು ಅಂತ ನಾನು ಹೇಳುತ್ತೇನೆ, ಕೇಳು. ನಮ್ಮ ತೋಟದ ಬಾವಿಗೆ ಮೋಟಾರು ಬರುವ ಮುಂಚೆ ಕಪಿಲೆ ಇತ್ತು. ನೀನು ಪೇಟೆಯವಳು, ನೋಡಿರುವುದಿಲ್ಲ. ಬಾವಿಯ ಬಾಯಿಂದ ಕೆಳಕ್ಕೆ ಒಂದು ಇಳಿಜಾರು. ಜೋಡಿ ಎತ್ತು ಹಗ್ಗ ಎಳೆದುಕೊಂಡು ಇಳಿದರೆ ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬಂದು ಕಾಲುವೆಗೆ ಸುರಿಯುತ್ತೆ. ಆಮೇಲೆ ಎತ್ತು ತಿರುಗುವುದಿಲ್ಲ. ಮುಖ ಅತ್ತಲೇ ಇಟ್ಟುಕೊಂಡು, ಹಿಂದುಹಿಂದಕ್ಕೆ ಹೆಜ್ಜೆ ಹಾಕುತ್ತ ಏರು ಹತ್ತಬೇಕು. ಅಂಥ ಕಾಂಗೇಯಂ ತಳಿಯ ಎತ್ತು, ನಾಲ್ಕು ಗಂಡಸರು ಕೊಂಬು ಹಿಡಿದರೂ ಬಗ್ಗದ್ದು, ನಮ್ಮ ಲಿಂಗಪ್ಪನ್ ತಾತ ಗಂಟಲಲ್ಲಿ ಒಂದು ಸದ್ದು ಮಾಡಿದರೆ ಹಿಂದಕ್ಕೆ ನಡೆಯುತ್ತಿತ್ತು. ಇಳಿಯುವಾಗ ತಾತ ಹಗ್ಗದ ಮೇಲೆ ಕೂತು ಹೋಗುತ್ತಿದ್ದರು. ನನಗೂ ಕೂರಬೇಕು ಅಂತ ಜೀವ ಹೋಗುವಷ್ಟು ಆಸೆ. ಹೆಣ್ಣುಮಕ್ಕಳು ಹಗ್ಗದ ಮೇಲೆ ಕೂತರೆ ಬಾವಿ ಬತ್ತುತ್ತೆ ಅಂತ ಅಜ್ಜಿ ಬಿಡಲಿಲ್ಲ. ತಾತ ಹೋದರು, ಎತ್ತು ಹೋದವು. ನಾನು ಕೂರಲೇ ಇಲ್ಲ. ಬಾವಿ ಹೋದ ಬೇಸಿಗೆಯಲ್ಲಿ ಬತ್ತೇ ಬತ್ತಿತು.

ಆದ್ದರಿಂದ ನನ್ನವಳ ಹೆಸರು ಮಾರಾತಾಳ್. ಎಂಥ ಮೃಗವಾಗಲಿ, ಅವಳು ಸದ್ದು ಮಾಡಿದರೆ ಹಿಂದಕ್ಕೆ ನಡೆಯಬೇಕು. ನಿಮ್ಮ ಪುಸ್ತಕದಲ್ಲಿ ಇಲ್ಲದಿದ್ದರೆ ಸೇರಿಸು. ಕಾಲೇಜು ಬಿಡುವುದು ನಾನು ಆರಿಸಿದ್ದಲ್ಲ. ಇದೊಂದನ್ನು ನಾನು ಆರಿಸುತ್ತೇನೆ.

ಸಾಮಿಯಾತಾಳ್


ಪೀಳಮೇಡು
2-7-1986

ಸಾಮಿ,

ಅಯ್ಯೋ, ನಿನ್ನ ಕಾಗದ ಓದಿ ನಮ್ಮ ಮನೆಯಲ್ಲಿ ರಣರಂಗ! ಚಂದ್ರಣ್ಣ ಪುಸ್ತಕ ತೆಗೆದು ಮೇಜಿನ ಮೇಲೆ ಕುಕ್ಕಿದ. "ಎಲ್ಲಿದೆ ತೋರಿಸು, ಎತ್ತು ಹಿಂದಕ್ಕೆ ನಡೆಸೋದು ಎಲ್ಲಿದೆ?" ಅಂತ. ನಟರಾಜನ್ ನಿನ್ನ ಪರ. ಅವನ ಮನೆಯಲ್ಲಿ ಈಗ ಬರೀ ಪವರ್‌ಲೂಮು, ಆದರೆ ಅವರ ತಾತನೂ ಕಪಿಲೆ ಹೊಡೆದವರಂತೆ.

ಕೊನೆಗೆ ರಾಜಿಯಾಯಿತು. ಹೊಸ ವಿದ್ಯೆ ಬೇಕಾದರೆ ಅದಕ್ಕೆ ಸಮನಾಗಿ ಏನಾದರೂ ಬಿಟ್ಟುಕೊಡಬೇಕು. ಆ ವಿದ್ಯೆಯೂ ಸುಮ್ಮನೆ ನಡೆಯುವುದಿಲ್ಲ. ಪ್ರತಿ ಸಲ ಮೃಗವನ್ನು ಹಿಂದಕ್ಕೆ ತಳ್ಳಬೇಕಾದಾಗಲೂ ದಾಳ ಎಸೆಯಬೇಕು, ಎಂಟಕ್ಕಿಂತ ಹೆಚ್ಚು ಬಿದ್ದರೆ ಆಯಿತು, ಇಲ್ಲದಿದ್ದರೆ ಇಲ್ಲ. ನಾನು ಕತ್ತಿ ಮತ್ತು ಗುರಾಣಿ ಬಿಟ್ಟುಕೊಟ್ಟೆ. ವೈದ್ಯ ಮಾತ್ರ ಸ್ವಲ್ಪ ಉಳಿಸಿದ್ದೇನೆ, ಕಷ್ಟಕಾಲಕ್ಕೆ ಇರಲಿ ಅಂತ. ಬೈಯಬೇಡ.

ಅವರು ಒಂದು ಹಳೇ ಗಣಿಗೆ ಇಳಿಯುತ್ತಿದ್ದಾರೆ. ಏನು ಮಾಡುತ್ತಾಳೆ ಮಾರಾತಾಳ್?

ಪದ್ಮ


ವೆಳ್ಳಕೋಯಿಲ್
9-7-1986

ಪದ್ಮಾ,

ಬೈಯದೆ ಇರುತ್ತೇನಾ? ಕೇಳಿದ್ದನ್ನು ಕೊಟ್ಟೆ, ಕೇಳದ್ದನ್ನೂ ತುರುಕಿದೆ. ವೈದ್ಯವನ್ನು ಹೊಡೆದುಹಾಕು. ಪೆನ್ಸಿಲಿನಲ್ಲಿ ಅಲ್ಲ, ಇಂಕಿನಲ್ಲಿ.

ಅದು ಸಾಲದು ಅಂತ ನಿಮ್ಮಣ್ಣ ಗೊಣಗಿದರೆ ಓಟವನ್ನೂ ಕೊಟ್ಟೆ ಅಂತ ಹೇಳು. ಮಾರಾತಾಳಿಗೆ ಓಡಲು ಬರುವುದಿಲ್ಲ. ಕಪಿಲೆ ಹೊಡೆಯುವವರು ಯಾರೂ ಓಡಿದ್ದನ್ನು ನಾನು ನೋಡಿಲ್ಲ. ಎತ್ತಿನ ಹೆಜ್ಜೆಯೇ ಅವರ ಹೆಜ್ಜೆ. ಈಗ ಅವಳಿಗೆ ಇರುವುದು ಒಂದೇ ವಿದ್ಯೆ, ಅದು ಪೂರ್ತಿ ಬೆಲೆ ಕೊಟ್ಟು ತಂದದ್ದು. ಯಾರ ಧರ್ಮದ್ದೂ ಅಲ್ಲ.

ಗಣಿಯಲ್ಲಿ ಅವಳು ಎಲ್ಲರಿಗಿಂತ ಮುಂದೆ ನಡೆಯುತ್ತಾಳೆ. ನಾನು ಅಲ್ಲಿಲ್ಲದಿರುವಾಗ ಏನು ಮಾಡುವುದು ಅಂತ ನಿನಗೆ ಅನುಮಾನ ಬಂದರೆ ಇಷ್ಟು ನೆನಪಿಟ್ಟುಕೋ: ಅವಳು ನಿಲ್ಲುತ್ತಾಳೆ.

ಈ ಸಲದ ನಿನ್ನ ಕಾಗದವನ್ನು ಅಪ್ಪನಿಗೆ ಓದಿದೆ, ಆಟದ ಭಾಗ ಮಾತ್ರ ಬಿಟ್ಟು. ಅಂದರೆ, ಅದು ಆಟ ಅನ್ನುವುದನ್ನು ಬಿಟ್ಟು! ಮಾರಾತಾಳ್ ಅಂದರೆ ನಮ್ಮ ಜೊತೆ ಓದಿದ ಯಾವುದೋ ಹುಡುಗಿ ಅಂದುಕೊಂಡಿದ್ದಾರೆ. "ಒಳ್ಳೇ ಹೆಸ್ರು. ಯಾವೂರು ಅಮ್ಮಣಿ?" ಅಂತ ಕೇಳಿದರು. ಪೊಳ್ಳಾಚಿ ಕಡೆ ಅಂದೆ. ಮಜವಾಗಿದೆ, ಇರಲಿ ಬಿಡು.

ಸಾಮಿ


ಪೀಳಮೇಡು
5-8-1986

ನನ್ನ ಸಾಮಿ,

ಭಾನುವಾರ ಎಂಥ ಆಟ ಅಂತೀಯಾ! ಗಣಿಯ ಒಳಗೆ ಇಬ್ಬರು ಪಕ್ಕಪಕ್ಕ ನಡೆಯಲಾಗದಷ್ಟು ಇಕ್ಕಟ್ಟಿನ ಸುರಂಗ. ಎದುರಿನಿಂದ ಗೂಳಿಯಂಥ ಒಂದು ಮೃಗ, ಕೊಂಬಿನಿಂದ ಎರಡೂ ಗೋಡೆ ಗೀರುತ್ತ ಬಂತು. ಎಲ್ಲರ ಎದೆ ಡವಡವ. ನಿನ್ನ ಮಾರಾತಾಳ್ ಮುಂದೆ ನಿಂತಳು. ಸದ್ದು ಮಾಡಿದಳು. ಅಷ್ಟೇ! ಮೃಗವನ್ನು ಗರ್ರನೆ ತಿರುಗಿಸಿ, ಅದರ ಬೆನ್ನೇರಿ, ಸುರಂಗದ ಆಚೆಗೆ ಓಡಿಸಿಕೊಂಡು ಹೋಗಿಬಿಟ್ಟಳು. ಒಂದು ಗೀರೂ ಇಲ್ಲ. ಎಲ್ಲರೂ ಚಪ್ಪಾಳೆ.

ಅಲ್ಲಿಂದ ಅವಳು ಗಣಿಯ ಆಚೆ ಬದಿಯ ಕಣಿವೆಗೆ ಬಂದಿದ್ದಾಳೆ. ಉಳಿದವರು ಈಚೆ. ಹಾಗಾಗಿ ಸ್ವಲ್ಪ ದಿನ ಅವಳ ಕಥೆ ಬೇರೆ, ಅವರ ಕಥೆ ಬೇರೆ. ನೀನು ನನಗೇ ಬರೆಯುತ್ತಿರು. ತಪ್ಪಿಸಬೇಡ, ಪ್ರತಿ ವಾರ ಬರಿ.

ಪದ್ಮ


ವೆಳ್ಳಕೋಯಿಲ್
12-8-1986

ಪದ್ಮಾ,

ಅಪ್ಪನಿಗೆ ಓದಿ ಹೇಳಿದೆ. ಊಟದ ತಟ್ಟೆ ಮುಂದಿಟ್ಟುಕೊಂಡು ಕೈ ಒಣಗುವವರೆಗೂ ಕೇಳಿದರು. ಕೇಳಿ ಮುಗಿಸಿ ಒಂದು ಪ್ರಶ್ನೆ ಹಾಕಿದರು: "ಅಷ್ಟು ಇಕ್ಕಟ್ನಲ್ಲಿ ಎತ್ತು ಹೆಂಗ್ ತಿರುಗ್ತು?"

ನನ್ನ ಪ್ರಶ್ನೆಯೂ ಅದೇ. ಇಬ್ಬರು ನಡೆಯಲಾಗದ ಸುರಂಗ ಅಂತ ಮೇಲೆ ಬರೆದು, ಗರ್ರನೆ ತಿರುಗಿಸಿದಳು ಅಂತ ಕೆಳಗೆ ಬರೆದಿದ್ದೀಯ. ತಿರುಗಿಸುವ ವಿದ್ಯೆ ಅವಳಿಗೆಲ್ಲಿದೆ? ನಾನು ಕತ್ತಿ, ಗುರಾಣಿ, ವೈದ್ಯ, ಓಟ ಎಲ್ಲ ಮಾರಿ ಕೊಂಡದ್ದು ಹಿಂದಕ್ಕೆ ನಡೆಸುವುದನ್ನು. ಮೇಲೆ ಹತ್ತಿ ಸವಾರಿ ಮಾಡುವುದು ಯಾರಿಗಾದರೂ ಬರುತ್ತೆ. ಮೇಜಿನ ಮೇಲೆ ನಡೆದದ್ದು ನಡೆದ ಹಾಗೇ ಬರಿ ತಾಯಿ. ದಾಳದಲ್ಲಿ ಎಷ್ಟು ಬಿತ್ತು, ಅದನ್ನೂ.

ಸಾಮಿ


ಪೀಳಮೇಡು
26-8-1986

ಸಾಮಿ,

ಅವಸರದಲ್ಲಿ ಬರೆದೆ, ಕೈತಪ್ಪು. ಹಿಂದಕ್ಕೇ ನಡೆಸಿದಳು ಅಂತ ಇಟ್ಟುಕೋ. ಎಷ್ಟು ಬಿತ್ತು ಅಂತ ನೆನಪಿಲ್ಲ, ಚೆನ್ನಾಗೇ ಬಿತ್ತು. ಅಪ್ಪನಿಗೂ ನಿನಗೂ ಕೋರ್ಟಿನಲ್ಲಿ ಕೆಲಸ ಕೊಡಿಸಬೇಕು.

ಕಣಿವೆಯಲ್ಲಿ ಮಾರಾತಾಳ್ ಏನೇನು ಮಾಡಿದಳು ಅಂತ ಎಂಟು ಪುಟ ಬರೆದು ಇದರ ಜೊತೆ ಇಟ್ಟಿದ್ದೇನೆ. ನದಿಯನ್ನೇ ಕುಡಿಯುವ ಒಂಟಿಕಣ್ಣಿನ ಆನೆ, ನಿದ್ದೆಯಲ್ಲಿ ನಡೆಯುವ ಊರು. ಆ ಊರಿನವರು ಅವಳನ್ನು ತಮ್ಮ ಯಜಮಾನಿಯಾಗು ಅಂತ ಕೇಳುತ್ತಿದ್ದಾರೆ. ಒಪ್ಪುತ್ತಾಳಾ? ನಾನು ಇದನ್ನು ಬುಧವಾರ ಸಂಜೆ ಕೂತು ಬರೆಯುತ್ತೇನೆ. ಬುಧವಾರ ಯಾವಾಗ ಬರುತ್ತೆ ಅಂತ ಕಾಯುತ್ತೇನೆ ಕಣೇ.

ಪದ್ಮ


ವೆಳ್ಳಕೋಯಿಲ್
9-9-1986

ಪದ್ಮಾ,

ಆನೆ ಚೆನ್ನಾಗಿದೆ. ನಿದ್ದೆಯಲ್ಲಿ ನಡೆಯುವ ಊರು ಅದಕ್ಕಿಂತ ಚೆನ್ನಾಗಿದೆ. ಅಜ್ಜಿಗೂ ಓದಿದೆ. ಮಾತು ತೊದಲುತ್ತೆ, ಆದರೂ ಆನೆ ಬಂದಾಗ ಎಡಗೈ ಎತ್ತಿ ನನ್ನ ಸೆರಗು ಹಿಡಿದುಕೊಂಡರು.

ಆದರೆ ನನಗೆ ಒಂದು ಸಮಾಧಾನವಿಲ್ಲ. ಮಾರಾತಾಳಿಗೆ ಯಾಕೆ ಏನೂ ಆಗುವುದಿಲ್ಲ? ಮುಟ್ಟಿದ್ದೆಲ್ಲ ಗೆಲ್ಲುತ್ತಾಳೆ. ಎಂಟಕ್ಕಿಂತ ಕಡಿಮೆ ಬೀಳುವ ಮುಖಗಳು ಆ ದಾಳಕ್ಕೆ ಇವೆಯೋ ಇಲ್ಲವೋ? ಅವಳು ಯಾವಾಗಲೂ ಒಬ್ಬಳೇ ಯಾಕೆ? ನಟರಾಜನ್ ಏನು ಮಾಡುತ್ತಿದ್ದಾನೆ, ನಿಮ್ಮಣ್ಣ ಎಲ್ಲಿದ್ದಾನೆ ಅಂತ ಒಂದು ಸಾಲು ಬರೆಯುವುದಿಲ್ಲ. ಅಪ್ಪನಿಗೂ ಅದೇ ಯೋಚನೆ. "ಹೆಣ್ಣುಡ್ಗಿ ಒಂಟಿಯಾಗಿ ಕಾಡು ಮೇಡು ಸುತ್ತುತಾವ್ಳೆ, ಅವ್ಳಿಗೆ ಅಂತ ಯಾರೂ ಇಲ್ವಾ?" ಅನ್ನುತ್ತಾರೆ.

ಅವಳು ಯಜಮಾನಿಯಾಗುವುದಿಲ್ಲ. ಉಳಿದವರ ಹತ್ತಿರ ವಾಪಸು ನಡೆಯುತ್ತಾಳೆ. ನಡೆಸು ಅವಳನ್ನು.

ಸಾಮಿ


ಪೀಳಮೇಡು
20-9-1986

ಸಾಮಿ,

ಪರೀಕ್ಷೆ ಹತ್ತಿರ ಬಂತು. ಆಟ ಸ್ವಲ್ಪ ನಿಧಾನ. ಅವಳು ನಡೆಯುತ್ತಿದ್ದಾಳೆ, ದಾರಿ ದೂರವಿದೆ. ನಟರಾಜನ್, ಅಣ್ಣ ಎಲ್ಲ ಚೆನ್ನಾಗಿದ್ದಾರೆ. ನಿನ್ನನ್ನು ಕೇಳಿದರು.

ಪದ್ಮ


ವೆಳ್ಳಕೋಯಿಲ್
7-10-1986

ಪದ್ಮಾಕ್ಷಿಗೆ,

ಶುಕ್ರವಾರ ಅಜ್ಜಿಗೆ ಎಣ್ಣೆ ತರಲು ಪಲ್ಲಡಂ ವೈದ್ಯರ ಹತ್ತಿರ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ, ಹೋದ ವರ್ಷ ನಿಮ್ಮ ಮನೆಯಲ್ಲಿ ಕಂಡಿದ್ದ ನಟರಾಜನ್ ಸಿಕ್ಕ. ಸೋಡಾ ಕುಡಿಯುತ್ತಿದ್ದವನು ನನ್ನನ್ನು ಕಂಡು ಬಾಟಲಿ ಕೆಳಗಿಟ್ಟು ಬಂದ. ತಮಿಳಿನಲ್ಲಿ ಹೇಳಿದ, "ನಿಮ್ಮ ಮಾರಾತಾಳ್ ಹಾಗಾದದ್ದಕ್ಕೆ ನನಗೆ ಇವತ್ತಿಗೂ ಬೇಜಾರು. ಅವಳಿಲ್ಲದಿದ್ದರೆ ಅವತ್ತು ನಾನೂ ಇರುತ್ತಿರಲಿಲ್ಲ. ಆಗಸ್ಟ್ ತಿಂಗಳಿಂದ ನಿಮ್ಮ ಜಾಗ ಖಾಲಿ ಇದೆ" ಅಂತ.

ನಾನು ತಲೆಯಾಡಿಸಿದೆ. ಗೊತ್ತಿರುವವಳ ಹಾಗೆ. ಇನ್ನೇನು ಮಾಡಲಿ? ನನ್ನವಳು ಸತ್ತಿರುವುದು ಊರಿಗೆಲ್ಲ ಗೊತ್ತು, ನನಗೆ ಗೊತ್ತಿಲ್ಲ ಅಂತ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಲಾ?

ಆನೆ, ನಿದ್ದೆಯ ಊರು, ಯಜಮಾನಿಕೆ, ಎಲ್ಲ ನೀನು ಒಬ್ಬಳೇ ಕೂತು ಹೆಣೆದದ್ದು. ಮೇಜಿಲ್ಲ, ಜನವಿಲ್ಲ, ದಾಳವಿಲ್ಲ. ನಾನು ಇಲ್ಲಿ ಒಂದೊಂದು ಹೆಜ್ಜೆಗೂ ಯೋಚನೆ ಮಾಡಿ ಬರೆಯುತ್ತಿದ್ದೆ. ನೀನು ಮಗುವಿಗೆ ಗಿಲಕಿ ಆಡಿಸುತ್ತಿದ್ದೆ.

ಪಾಪ ಸಾಮಿ, ಓದು ಬಿಟ್ಟಳು, ಹಾಸಿಗೆ ಹಿಡಿದ ಅಜ್ಜಿಯ ಜೊತೆ ಕೊಳೆಯುತ್ತಿದ್ದಾಳೆ, ಇದೊಂದಾದರೂ ಖುಷಿ ಇರಲಿ ಅಂದುಕೊಂಡೆಯಾ? ನನಗೆ ಇರುವುದು ಇದೊಂದೇ ಅಂತ ನಿನಗೆ ಯಾರು ಹೇಳಿದರು? ಬಿ.ಎಸ್ಸಿ. ಉಳಿದ ಪೇಪರುಗಳನ್ನು ಹೊರಗಿನಿಂದ ಬರೆಯಲು ದಾರಿ ಇದೆಯಾ ಅಂತ ಯೂನಿವರ್ಸಿಟಿಗೆ ಬರೆದು ಕೇಳಿದ್ದೇನೆ, ಗೊತ್ತಾ? ಇಲ್ಲ. ನಾನು ಹೇಳಲಿಲ್ಲ. ಆದಮೇಲೆ ಹೇಳೋಣ ಅಂತಿದ್ದೆ.

ಅವಳು ಹೇಗೆ ಸತ್ತಳು? ಅದೊಂದು ಬರಿ. ಇನ್ನೇನೂ ಬೇಡ.

ಸಾಮಿಯಾತಾಳ್


ಪೀಳಮೇಡು
11-10-1986

ಸಾಮಿ,

ನಿನ್ನ ಕಾಗದ ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ. ಅಜ್ಜಿ ಈರುಳ್ಳಿ ಹೆಚ್ಚಿದ್ದು ಸಾಕು ಅಂದರು. ಈರುಳ್ಳಿಯೇ ಇರಲಿಲ್ಲ.

ನಡೆದದ್ದು ಇದು. ಆಗಸ್ಟ್ ಮೂರು, ಭಾನುವಾರ. ಸುರಂಗ, ಮೃಗ, ಅದೆಲ್ಲ ನಾನು ಬರೆದ ಹಾಗೇ. ಪಕ್ಕದ ಗೋಡೆಯಲ್ಲಿ ಎದೆಮಟ್ಟದಲ್ಲಿ ಒಂದು ಕಿಂಡಿ ಇತ್ತು. ಒಬ್ಬೊಬ್ಬರಾಗಿ ತೂರಿದರೆ ತಪ್ಪಿಸಿಕೊಳ್ಳಬಹುದು, ಆದರೆ ಹೊತ್ತು ಬೇಕು. ಮೃಗ ಕಿಂಡಿಯನ್ನು ದಾಟಿ ಬಂದುಬಿಟ್ಟಿತ್ತು. ಅದನ್ನು ಹಿಂದಕ್ಕೆ ತಳ್ಳಿದರೆ ಮಾತ್ರ ಕಿಂಡಿ ಸಿಗುತ್ತದೆ. ಎಲ್ಲರೂ ನನ್ನ ಕಡೆ ನೋಡಿದರು. ನಿನ್ನ ಕಾಗದದಲ್ಲಿ ಇದ್ದದ್ದನ್ನೇ ಹೇಳಿದೆ: ಅವಳು ನಿಲ್ಲುತ್ತಾಳೆ.

ಮೊದಲ ಸಲ ಹದಿನಾಲ್ಕು ಬಿತ್ತು. ಮೃಗ ಹಿಂದಕ್ಕೆ ಹೆಜ್ಜೆ ಇಟ್ಟಿತು. ಮುಖ ನಮ್ಮ ಕಡೆಯೇ, ನೀನು ಹೇಳಿದ್ದ ಹಾಗೆ. ಕಿಂಡಿ ಸಿಕ್ಕಿತು. ಆ ಇಬ್ಬರು ಹುಡುಗರು ತೂರಿದರು. ಮತ್ತೆ ಎಸೆದೆ, ಒಂಬತ್ತು. ಅಂಚಿನಲ್ಲಿ ಆಯಿತು. ನಟರಾಜನ್ ತೂರಿದ, ಚಂದ್ರಣ್ಣ ತೂರಿದ. ಉಳಿದವಳು ಅವಳೊಬ್ಬಳೇ. ಇನ್ನೊಂದು ಸಲ ಬಿದ್ದರೆ ಅವಳೂ ಒಳಗೆ. ಎಸೆದೆ. ಮೂರು.

ಓಡಿಹೋಗುತ್ತಾಳೆ ಅಂತ ಕೂಗಿದೆ. ನಾನು ಆಟ ನಡೆಸುವವಳು, ಹಾಗೆ ಕೂಗಬಾರದು, ಕೂಗಿದೆ. "ಓಟ ಕೊಟ್ಟಾಗಿದೆ ಪದ್ಮಾ" ಅಂದ ಚಂದ್ರಣ್ಣ. ಮೆಲ್ಲಗೆ ಹೇಳಿದ. ಅವನಿಗೂ ಸಹಿಸಲು ಆಗಿರಲಿಲ್ಲ. ಅಜ್ಜಿ ಬಾಗಿಲಿಂದ ಎದ್ದು ಬಂದು, ಯಾಕೆ ಎಲ್ಲ ಸುಮ್ಮನಾದಿರಿ ಅಂತ ಕೇಳಿದರು.

ನೀನು ಒಂದು ವಿಷಯದಲ್ಲಿ ನನ್ನನ್ನು ತಪ್ಪು ತಿಳಿದೆ. ಕನಿಕರ ಅಲ್ಲ ಸಾಮಿ. ಅಂಚೆಯವರಿಗೆ ಒಂದೇ ಪ್ರಾಣ ಅಂತ ಕರಾರು. ಅವಳು ಸತ್ತಳು ಅಂತ ಬರೆದರೆ ನಿನ್ನ ಕಾಗದ ನಿಂತುಹೋಗುತ್ತೆ. ನಿನಗೆ ಆಟ ಹೋಗುತ್ತೆ ಅಂತಲ್ಲ, ನನಗೆ ನೀನು ಹೋಗುತ್ತೀಯ ಅಂತ ಹೆದರಿದೆ. ಬುಧವಾರಗಳು ನನ್ನವು. ಗಿಲಕಿ ನಾನು ನನಗೇ ಆಡಿಸಿಕೊಂಡದ್ದು.

ಹೊಸ ಪಾತ್ರ ಕೊಡಿಸುತ್ತೇನೆ. ಅಣ್ಣನ ಕಾಲು ಹಿಡಿದಾದರೂ ಕರಾರು ಮುರಿಸುತ್ತೇನೆ. ಅವಳಿಗೆ ಎಲ್ಲ ವಿದ್ಯೆಯೂ ಇರಲಿ, ಏನೂ ಬಿಟ್ಟುಕೊಡುವುದು ಬೇಡ. ಒಂದು ಸಾಲು ಬರಿ.

ಪದ್ಮ


ವೆಳ್ಳಕೋಯಿಲ್
27-10-1986

ಪದ್ಮಾ,

ಹದಿನಾರು ದಿನ ನಿನ್ನನ್ನು ಕಾಯಿಸಿದೆ. ಬೇಕೆಂದೇ ಕಾಯಿಸಿದೆ. ಮೊದಲ ವಾರ ಸಿಟ್ಟಿಗೆ. ಆಮೇಲೆ ನಿನ್ನ ಕಾಗದ ಮತ್ತೆ ಮತ್ತೆ ಓದುವುದಕ್ಕೆ.

ಎಂಥ ಸಾವು ಕಣೇ ಅದು! ನಾಲ್ಕು ಜನವನ್ನು ದಾಟಿಸಿ ನಿಂತಲ್ಲೇ ಹೋದಳು. ಕೊಂಡ ವಿದ್ಯೆ ಕೈಕೊಡಲಿಲ್ಲ, ಎರಡು ಸಲ ನಡೆಸಿಕೊಟ್ಟಿತು. ಮಾರಿದ ಓಟ ವಾಪಸು ಬರಲಿಲ್ಲ. ಎಲ್ಲ ನಾನು ಬರೆದುಕೊಟ್ಟ ಹಾಗೇ. ನಾನು ಇಲ್ಲಿ ಅಜ್ಜಿಗೆ ಗಂಜಿ ಕುಡಿಸುತ್ತಿದ್ದ ಹೊತ್ತಿಗೆ ಅಲ್ಲಿ ನನ್ನವಳು ಹೀಗೆ ನಿಂತಿದ್ದಳು. ಇದನ್ನು ನೀನು ಎರಡು ತಿಂಗಳು ನನ್ನಿಂದ ಮುಚ್ಚಿಟ್ಟು, ಬದಲಿಗೆ ಒಂಟಿಕಣ್ಣಿನ ಆನೆ ಕೊಟ್ಟೆ. ಅದಕ್ಕೆ ನನ್ನ ಸಿಟ್ಟು ಇನ್ನೂ ಇದೆ. ಇರಲಿ, ಸ್ವಲ್ಪ ದಿನ ಇರುತ್ತೆ.

ಕಾಗದ ನಿಲ್ಲುತ್ತೆ ಅಂತ ಹೆದರಿದೆಯಂತೆ. ಪೆದ್ದಿ. ಹೆದರಿಕೆ ಅಂತ ಬರೆದಿದ್ದರೆ ಆಗುತ್ತಿರಲಿಲ್ಲವಾ? ನನಗೂ ಮಂಗಳವಾರ ಪೋಸ್ಟ್‌ಮ್ಯಾನ್ ಸೈಕಲ್ಲಿನ ಬೆಲ್ಲು ಕೇಳದಿದ್ದರೆ ಅನ್ನ ಇಳಿಯುವುದಿಲ್ಲ.

ಅಪ್ಪ ಕೇಳುತ್ತಲೇ ಇದ್ದರು, "ಆ ಉಡ್ಗಿ ಸೇರ್ಬೇಕಾದವ್ರ ಹತ್ರ ಸೇರಿದ್ಳಾ ಅಮ್ಮಣಿ?" ಅಂತ. ತಪ್ಪಿಸಿಕೊಂಡು ತಿರುಗಿದೆ. ಹೋದ ಗುರುವಾರ ಹೇಳಿಬಿಟ್ಟೆ, ಮಾರಾತಾಳ್ ಸತ್ತಳು ಅಂತ. ತಿನ್ನುತ್ತಿದ್ದ ಕೈ ಹಾಗೇ ನಿಂತಿತು. ಹೇಗೆ ಅಂದರು. ಹೇಳಿದೆ, ಸುರಂಗ, ಕಿಂಡಿ, ಎಲ್ಲ. ಎದ್ದು ಕೈ ತೊಳೆದುಕೊಂಡು ಬಂದು, "ಸತ್ತ ಮನೆಗೆ ಹೋಗ್ದೆ ಇರಕ್ಕಾತದಾ? ಜತೇಲಿ ಓದಿದವ್ಳು. ಒಂದ್ ಹೆಜ್ಜೆ ಹೋಗಿ ದುಕ್ಕ ಕೇಳ್ಬಿಟ್ಟು ಬಾ" ಅಂದರು. ಬಸ್ಸಿಗೆ ಅಂತ ನೋಟು ತೆಗೆದು ಮಣೆಯ ಮೇಲೆ ಇಟ್ಟರು.

ನೋಡು, ಎಷ್ಟು ಸುಲಭವಿತ್ತು! ಫೆಬ್ರವರಿಯಿಂದ ನನ್ನನ್ನು ಕೊಯಮತ್ತೂರಿನ ಕಡೆ ತಲೆ ಹಾಕಲು ಬಿಟ್ಟಿಲ್ಲ. ಹ್ಞೂಂ ಅಂದಿದ್ದರೆ ಮಾರನೇ ದಿನವೇ ಬಸ್ಸು ಹತ್ತಬಹುದಿತ್ತು. ಆದರೆ ನಿನ್ನನ್ನು ಅಷ್ಟು ಬೈದವಳು ನಾನು. ಆ ನೋಟು ಮುಟ್ಟಲು ಕೈ ಬರಲಿಲ್ಲ. ಎಲ್ಲ ಹೇಳಿದೆ. ಅಪ್ಪಾ, ಅದು ಆಟ. ಅಂಥ ಹುಡುಗಿ ಯಾರೂ ಇಲ್ಲ. ನಾನೇ ಮಾಡಿದವಳು, ನಮ್ಮ ತಾತನ ಕಪಿಲೆಯಿಂದ.

ಬೈಯಲಿಲ್ಲ. ನೋಟು ತೆಗೆದು ಜೇಬಿಗೆ ಹಾಕಿಕೊಂಡರು. ಎರಡು ದಿನ ನನ್ನ ಜೊತೆ ಮಾತಿಲ್ಲ. ನನಗೂ ಹಟ ಬಂತು. ಶನಿವಾರ ಸಂಜೆ ನಾನೇ ಎದುರಿಗೆ ಹೋಗಿ ನಿಂತೆ. ತಿಂಗಳಿಗೆ ಎರಡು ಭಾನುವಾರ ನಾನು ಪೀಳಮೇಡಿಗೆ ಹೋಗುತ್ತೇನೆ, ಅಜ್ಜಿಯನ್ನು ತಂಗಮ್ಮ ಚಿಕ್ಕಮ್ಮ ನೋಡಿಕೊಳ್ಳುತ್ತೇನೆ ಅಂದಿದ್ದಾರೆ, ಸತ್ತ ಮನೆಗಲ್ಲ, ಆಡುವುದಕ್ಕೆ ಹೋಗುತ್ತೇನೆ ಅಂದೆ.

ಅಪ್ಪ ತೋಟದ ಕಡೆ ತಿರುಗಿದರು. ಆಮೇಲೆ ಕೇಳಿದರು, "ಆ ಸದ್ದು ನಿಂಗ್ಯಾರ್ ಕಲ್ಸಿದ್ದು?" ಯಾರೂ ಕಲಿಸಲಿಲ್ಲ, ಬೇಲಿಯ ಹಿಂದೆ ನಿಂತು ಕೇಳಿಸಿಕೊಂಡೆ ಅಂದೆ. "ಮಾಡು ನೋಡಾನ" ಅಂದರು. ಮಾಡಿದೆ. ಕೊಟ್ಟಿಗೆಯಲ್ಲಿ ಈಗ ಹಸು ಒಂದೇ ಇರುವುದು. ಅದು ಮೆಲುಕು ಹಾಕುವುದನ್ನೂ ನಿಲ್ಲಿಸಲಿಲ್ಲ. ಅಪ್ಪ ಮಾತ್ರ ಟವೆಲಿನಿಂದ ಮುಖ ಒರೆಸಿಕೊಂಡರು. "ಆಟ ಆದ್ರೇನು. ಸತ್ತವ್ಳು ಸತ್ತಳು, ದುಕ್ಕ ಕೇಳಕ್ಕೆ ಹೋಗ್ಲೇಬೇಕು. ಹೋಗ್ಬಿಟ್ಟು ಬಾ. ಕತ್ತಲಾಗಕ್ ಮುಂಚೆ ಮನೇಲಿರು" ಅಂದರು.

ದೀಪಾವಳಿ ಕಳೆದು ಬರುವ ಭಾನುವಾರ, ಒಂಬತ್ತನೇ ತಾರೀಕು, ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಕಾಂಗೇಯಂ, ಪಲ್ಲಡಂ ದಾಟಿ ಊಟದ ಹೊತ್ತಿಗೆ ನಿಮ್ಮ ಬಾಗಿಲಲ್ಲಿರುತ್ತೇನೆ. ಅಣ್ಣನ ಕಾಲು ಹಿಡಿಯಬೇಡ. ಯಾವ ಕರಾರನ್ನೂ ಮುರಿಯಬೇಡ. ಎಲ್ಲ ವಿದ್ಯೆ ಇರುವವಳು ನನಗೆ ಬೇಡ. ನೀವೆಲ್ಲ ಐದಾರು ತಿಂಗಳು ಆಡಿ ಮೇಲೆ ಹತ್ತಿದ್ದೀರಿ, ನಾನು ತಳದಿಂದ ಶುರು ಮಾಡುತ್ತೇನೆ. ಒಂದು ಖಾಲಿ ಚೀಟಿ ಇಟ್ಟಿರು. ಅದರ ಮೇಲೆ ನೀನು ಏನನ್ನೂ ಬರೆದಿರಕೂಡದು, ಹೆಸರನ್ನೂ ಸಹ.

ದಾಳ ನಾನೇ ಎಸೆಯುತ್ತೇನೆ. ಮೂರು ಬಿದ್ದರೆ ನನ್ನ ಎದುರಿಗೇ ಬೀಳಲಿ. ನಾನು ಸತ್ತರೆ, ಪದ್ಮಾ, ನನ್ನ ಮುಖ ನೋಡಿ ಹೇಳು.

ಸಾಮಿ